ದಾನದ ದೀರ್ಘ ಬಿದ್ದುಹೋದ ಕತೆ

"ಈ ವರ್ಷ ಬೈಹುಲ್ಲಿಗಾಗಿ ನಾನು ಒಬ್ಬನ ಮನೆಯ ಮೆಟ್ಟಿಲೂ ಹತ್ತುವುದಿಲ್ಲ. ಹುಲ್ಲೇ ನಮ್ಮ ಮೆಟ್ಟಿಲು ಹತ್ತಿಕೊಂಡು ಬರ್ತದೆ. ನೀನು ನೋಡ್ತಾ ಇರು!"

ದೀಪಾವಳಿ ಕಳೆದ ಮರುವಾರ, ಚಹಾದ ಲೋಟವನ್ನು ರಾಜದಂಡದಂತೆ ಎತ್ತಿ ಹಿಡಿದು ಪ್ರಭಾಚಂದ್ರರು ಹೀಗೆ ಘೋಷಿಸಿದರು. ಘೋಷಣೆ ಕೇಳಲು ಇದ್ದ ಪ್ರಜೆ ಒಬ್ಬರೇ, ಹೆಂಡತಿ ಯಶೋಧಾ. ಅವರು ಕಾವಲಿಯಿಂದ ನೀರುದೋಸೆ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

"ನಮ್ಮ ಮೆಟ್ಟಿಲು ಹತ್ತಿ ಬರುವುದು ಆಡು ಮಾತ್ರ. ನಿನ್ನೆ ಹಿಕ್ಕೆ ಹಾಕಿ ಹೋಗಿದೆ. ಅದನ್ನು ಗುಡಿಸಿ ಆಮೇಲೆ ಭಾಷಣ ಮಾಡಿ."

ಪ್ರಭಾಚಂದ್ರರು ಸಹಕಾರಿ ಸೊಸೈಟಿಯ ಕಾರ್ಯದರ್ಶಿಯಾಗಿ ನಿವೃತ್ತರಾದವರು. ಪುಂಜಾಲಕಟ್ಟೆಯಿಂದ ಸ್ವಲ್ಪ ಒಳಗೆ ಅವರ ಮನೆ. ನಿವೃತ್ತಿಯ ವರ್ಷವೇ ಯಾರೋ ರಸ್ತೆ ಬದಿಯಲ್ಲಿ ಬಿಟ್ಟುಹೋದ ಗಂಡುಕರುವೊಂದನ್ನು ಕಂಡು ಕರುಳು ಚುರುಕ್ಕೆಂದು ಮನೆಗೆ ತಂದರು. ಕರುವಿಗೆ ಜೊತೆ ಬೇಕೆಂದು ಇನ್ನೊಂದು ಬಂತು. ಹಾಲು ಬತ್ತಿದ ಹಸುಗಳು ಬಂದವು. ಕಂಬಳದಲ್ಲಿ ಓಡಿ ಓಡಿ ಮೊಣಕಾಲು ಕಳಕೊಂಡ ಚೆನ್ನ ಎಂಬ ಕೋಣ ಬಂತು. ಮೂರು ಕಾಲಿನ ಆಡೂ ಬಂತು. ಹಿತ್ತಿಲಿಗೆ 'ಅಭಯ ಕೊಟ್ಟಿಗೆ' ಎಂದು ಬೋರ್ಡು ಬಿತ್ತು. ಅಭಯವೇನೋ ಸಿಕ್ಕಿತು, ಆದರೆ ಅಭಯವನ್ನು ಅಗಿಯಲು ಆಗುವುದಿಲ್ಲವಲ್ಲ!

ಮಳೆಗಾಲದಲ್ಲಿ ಚಿಂತೆಯಿಲ್ಲ, ಗುಡ್ಡೆಯೆಲ್ಲ ಹಸಿರು. ಚಳಿ ಶುರುವಾಯಿತೆಂದರೆ ಗುಡ್ಡೆ ಬೋಳು. ಸುತ್ತಲಿನ ಭತ್ತದ ಗದ್ದೆಗಳೆಲ್ಲ ರಬ್ಬರು ತೋಟ, ಬಡಾವಣೆ ಆಗಿ ಹೋದ ಮೇಲೆ ಊರಲ್ಲಿ ಬೈಹುಲ್ಲು ಇಲ್ಲ. ಘಟ್ಟದ ಮೇಲಿನಿಂದ ಚಾರ್ಮಾಡಿ ಇಳಿದು ಲಾರಿಯಲ್ಲಿ ಬರಬೇಕು. ಪ್ರತಿ ವರ್ಷ ಪ್ರಭಾಚಂದ್ರರು ಪರಿಚಯದವರ ಮನೆ ಮನೆಗೆ ಹೋಗಿ, ಎರಡು ತಾಸು ಅವರ ಮಕ್ಕಳ ಪ್ರತಾಪ ಕೇಳಿ, ಕೊನೆಗೆ ತಲೆ ಕೆರೆದುಕೊಂಡು ಹುಲ್ಲಿನ ವಿಷಯ ಎತ್ತುತ್ತಿದ್ದರು. ಈ ತಲೆ ಕೆರೆಯುವ ಕೆಲಸ ಸಾಕಾಗಿತ್ತು.

"ವಿಡಿಯೋ ಮಾಡುವ," ಎಂದರು. "ಮೆಲ್ಕಾರಿನ ದೀಕ್ಷಿತಾ ಉಂಟಲ್ಲ, ಮದುವೆ ವಿಡಿಯೋ ಮಾಡುವ ಹುಡುಗಿ? ಅವಳಿಗೆ ಹೇಳಿದ್ದೇನೆ. ಮಸ್ಕತ್ತಿನಲ್ಲಿ ಹೋಟೆಲು ಇಟ್ಟಿರುವ ಶೋಧನ್ ಅಡ್ಯಂತಾಯರು ಈಗ ಮೂಡುಬಿದಿರೆಯ ಮನೆಯಲ್ಲೇ ಇದ್ದಾರೆ. ಅವರೊಬ್ಬರು ನೋಡಿದರೆ ಸಾಕು. ಹೆಸರಿನಲ್ಲೇ ಧನ ಉಂಟು, ಗೊತ್ತುಂಟಾ?"

"ಸರಿಯಾಗಿ ಓದಿ," ಎಂದರು ಯಶೋಧಾ. ಮೂವತ್ತು ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿದವರು ಅವರು. "ಧನಕ್ಕಿಂತ ಮೊದಲು 'ಶೋ' ಉಂಟು."

ದೀಕ್ಷಿತಾ ಬಂದಳು. ಕ್ಯಾಮರಾ ಹಿಡಿದು ಕೊಟ್ಟಿಗೆಗೆ ಒಂದು ಸುತ್ತು ಹಾಕಿದಳು. ಹುಲ್ಲಿನ ಅಟ್ಟ ಬಹುಪಾಲು ಖಾಲಿ. ಮೂಲೆಯಲ್ಲಿ ಉಳಿದಿದ್ದ ನಾಲ್ಕು ಕಟ್ಟಿನ ಮೇಲೆ ಒಂದು ಕೋಳಿ ಕಾವು ಕೂತಿತ್ತು.

"ಅಂಕಲ್, ಈ ಖಾಲಿ ಅಟ್ಟದಿಂದಲೇ ಶುರು ಮಾಡುವ. ಜನರಿಗೆ ಕೂಡಲೇ ಅರ್ಥ ಆಗ್ತದೆ."

"ಅದೇ ಸರಿ," ಎಂದರು ಯಶೋಧಾ. "ಇದ್ದದ್ದನ್ನು ಇದ್ದ ಹಾಗೆ ತೋರಿಸುವುದು."

ಪ್ರಭಾಚಂದ್ರರ ಕಿವಿ ಕೆಂಪಾಯಿತು. ಅವರ ಅಜ್ಜನ ಕಾಲದಲ್ಲಿ ಅಂಗಳದಲ್ಲಿ ಮನೆಯಷ್ಟೆತ್ತರದ ಹುಲ್ಲಿನ ಬಣವೆಗಳು ನಿಲ್ಲುತ್ತಿದ್ದವಂತೆ. "ಖಾಲಿ ಅಟ್ಟ ತೋರಿಸುವುದಾ? ಊರಿಗೆಲ್ಲ? ಅಡ್ಯಂತಾಯರಿಗೆ? ನಮ್ಮ ಮನೆತನ ಎಂತ ಬಸ್‌ಸ್ಟ್ಯಾಂಡಿನಲ್ಲಿ ತಟ್ಟೆ ಹಿಡಿದು ಕೂತಿದೆಯಾ? ಕೊಡುವವರಿಗೆ ಕೊಡಬೇಕು ಅಂತ ಅನಿಸಬೇಕಾದರೆ ಜಾಗ ಲಕ್ಷಣವಾಗಿ ಇರಬೇಕು ಮಾರಾಯ್ತಿ!"

ಲಕ್ಷಣಕ್ಕಾಗಿ ಅವರು ಹುಲ್ಲಿನ ವ್ಯಾಪಾರಿ ಅಬ್ದುಲ್ ಹಕೀಮನಿಗೆ ಫೋನು ಮಾಡಿದರು. ಪೇಟೆಯಲ್ಲಿ ಅವನ ಗೋದಾಮು.

"ಒಂದು ದಿನದ ಮಟ್ಟಿಗೆ ಹುಲ್ಲು ಬೇಕಿತ್ತು ಹಕೀಂ."

"ಒಂದು ದಿನಕ್ಕೆ ಎಷ್ಟು ಬೇಕು ಪ್ರಭಣ್ಣ?"

"ಎಷ್ಟು ಉಂಟೋ ಅಷ್ಟು. ತಿನ್ನಲಿಕ್ಕೆ ಅಲ್ಲ, ನೋಡಲಿಕ್ಕೆ."

ಹುಲ್ಲನ್ನು ಬಾಡಿಗೆಗೆ ಕೇಳಿದ ಗಿರಾಕಿ ಹಕೀಮನ ಆಯುಷ್ಯದಲ್ಲಿ ಇದೇ ಮೊದಲು. "ಬಾಡಿಗೆ ಎಲ್ಲ ಬೇಡ. ನೀವು ಒಳ್ಳೆ ಕೆಲಸ ಮಾಡುವವರು. ಆದರೆ ಸಂಜೆಗೆ ವಾಪಸು ಬೇಕು, ಗಿರಾಕಿಗೆ ಹೇಳಿಟ್ಟ ಮಾಲು."

ಪಿಕಪ್ಪಿನಲ್ಲಿ ಹುಲ್ಲು ಬಂತು. ಅಟ್ಟ ತುಂಬಿತು, ಅಂಗಳ ತುಂಬಿತು, ಬಾವಿಕಟ್ಟೆಯ ಪಕ್ಕದಲ್ಲಿ ಬಂಗಾರದ ಗೋಪುರವೇ ಎದ್ದಿತು! ಅದರ ಮುಂದೆ ಇಸ್ತ್ರಿ ಹಾಕಿದ ಅಂಗಿ ತೊಟ್ಟು ನಿಂತ ಪ್ರಭಾಚಂದ್ರರು, "ನಮ್ಮ ಅಭಯ ಕೊಟ್ಟಿಗೆಯಲ್ಲಿ ಯಾವ ಜೀವಕ್ಕೂ ಯಾವ ಕೊರತೆಯೂ ಇಲ್ಲ. ತಾವೂ ಈ ಪುಣ್ಯಕಾರ್ಯದಲ್ಲಿ ಭಾಗಿಗಳಾಗಬಹುದು" ಎಂದು ಗಂಭೀರ ಧ್ವನಿಯಲ್ಲಿ ಹೇಳಿದರು.

"ಕೊರತೆ ಇಲ್ಲದಿದ್ದರೆ ಭಾಗಿ ಆಗುವುದು ಎಂತಕ್ಕೆ?" ಎಂದು ಒಳಗಿನಿಂದ ಯಶೋಧಾ ಕೇಳಿದ್ದನ್ನು ದೀಕ್ಷಿತಾ ಆಮೇಲೆ ಕತ್ತರಿಸಿ ತೆಗೆಯಬೇಕಾಯಿತು.

ಸಂಜೆ ಹಕೀಂ ಬಂದು ಹುಲ್ಲನ್ನು ಪಿಕಪ್ಪಿಗೆ ತುಂಬಿಸಿದ. ಕೋಣ ಚೆನ್ನ ಅಷ್ಟರಲ್ಲಿ ಒಂದು ಕಟ್ಟಿನ ಅರ್ಧ ಮುಗಿಸಿತ್ತು. "ಅದು ಇರಲಿ," ಎಂದು ಹಕೀಂ ಬಿಟ್ಟುಹೋದ. ಪಿಕಪ್ಪು ಗೇಟು ದಾಟುವವರೆಗೆ ಕೊಟ್ಟಿಗೆಯ ಕತ್ತುಗಳೆಲ್ಲ ಅದರ ಹಿಂದೆಯೇ ತಿರುಗಿದವು. ಒಂದು ಹಸು ಸಣ್ಣಗೆ ಕೂಗಿತು. ಪ್ರಭಾಚಂದ್ರರು ಅತ್ತ ನೋಡದೆ ಫೋನು ನೋಡತೊಡಗಿದರು.

ಫೋನು ಎಂದರೆ ಜಾತ್ರೆ! ಬಂಟ್ವಾಳದಿಂದ ಬಹರೈನ್‌ವರೆಗೆ ವಿಡಿಯೋ ಓಡಿತು. 'ಸೂಪರ್ ಸರ್', 'ನಿಮ್ಮಂಥವರು ಬೇಕು', 'ಸ್ವರ್ಗ ಇಲ್ಲೇ ಉಂಟು'. ಒಬ್ಬೊಬ್ಬರು ಮೂರು ಮೂರು ಜೊತೆ ಮುಗಿದ ಕೈಗಳನ್ನು ಕಳಿಸಿದರು. ಪ್ರಭಾಚಂದ್ರರು ಹಿಗ್ಗಿ ಹೆಂಡತಿಯ ಮುಖದ ಮುಂದೆ ಫೋನು ಹಿಡಿದರು.

"ನೋಡು, ಎಷ್ಟು ಕೈ!"

"ನೋಡಿದೆ. ಎಲ್ಲ ಜೋಡಿಸಿಯೇ ಉಂಟು. ಒಂದಾದರೂ ಬಿಡಿಸಿಕೊಂಡು ಕಿಸೆಗೆ ಹೋದ ಹಾಗೆ ಕಾಣುವುದಿಲ್ಲ."

ಮೊದಲ ದೇಣಿಗೆ ಬಂದದ್ದು ಸೋಮವಾರ ಬೆಳಿಗ್ಗೆ, ಗೇಟಿಗೆ ಕಟ್ಟಿದ ಸ್ಥಿತಿಯಲ್ಲಿ. ಒಂದು ಮುದಿ ಹಸು. ಹಣೆಗೆ ಅರಿಶಿನ ಕುಂಕುಮ, ಕೊರಳಿಗೆ ಸೇವಂತಿಗೆ ಮಾಲೆ. ಯಾರೋ ಆರತಿ ಎತ್ತಿ, ಕಾಲಿಗೆ ಬಿದ್ದು, ಆಮೇಲೆ ಇಲ್ಲಿ ಕಟ್ಟಿಹಾಕಿ ಓಡಿದ್ದರು! ಮಂಗಳವಾರ ರಿಕ್ಷಾದಲ್ಲಿ ಒಂದು ಗಂಡುಕರು ಬಂತು. ಕಾಲು ಸೀಟಿನ ಮೇಲೆ, ಮೂತಿ ಹೊರಗೆ. "ಬಾಡಿಗೆ ಅವರೇ ಕೊಟ್ಟಿದ್ದಾರೆ, ನೀವು ಎಂತದೂ ಕೊಡುವುದು ಬೇಡ," ಎಂದು ರಿಕ್ಷಾದವನು ಔದಾರ್ಯ ತೋರಿಸಿದ. ಬಳಿಕ ಬೆಳ್ತಂಗಡಿಯಿಂದ ಗಂಡ ಹೆಂಡತಿ ಕಾರಿನಲ್ಲಿ ಬಂದರು. ಡಿಕ್ಕಿಯಲ್ಲಿ ಕುರಿ. "ಮಗಳು ಬಹಳ ಹಚ್ಚಿಕೊಂಡಿದ್ದಾಳೆ, ಕಟುಕರಿಗೆ ಕೊಡಲಿಕ್ಕೆ ಮನಸ್ಸು ಬರುವುದಿಲ್ಲ," ಎಂದು ಕಣ್ಣೊರೆಸಿಕೊಂಡರು. ಅದರ ಮೇವಿಗೆ ಏನಾದರೂ ಎಂದು ಪ್ರಭಾಚಂದ್ರರು ಗಂಟಲು ಸರಿಪಡಿಸುವಷ್ಟರಲ್ಲಿ ಆ ಹೆಂಗಸು, "ಅಯ್ಯೋ, ಇಲ್ಲಿ ಅದಕ್ಕೆ ಎಂತ ಕಮ್ಮಿ ಸರ್! ವಿಡಿಯೋ ನೋಡಿ ಹೊಟ್ಟೆ ತುಂಬಿತು," ಎಂದಳು. ಅವಳ ಹೊಟ್ಟೆ ತುಂಬಿತು. ಕುರಿಯದ್ದು ಹಾಗೇ ಇತ್ತು.

ಅಟ್ಟದಲ್ಲಿ ಕೋಳಿಯ ಕೆಳಗಿನ ಹುಲ್ಲು ಮಾತ್ರ ಉಳಿದಿತ್ತು. ಯಶೋಧಾ ಬಾಳೆದಿಂಡು ಕೊಚ್ಚತೊಡಗಿದರು, ಹಲಸಿನ ಸೊಪ್ಪು ಸವರಿ ತಂದರು. ಅಷ್ಟರಲ್ಲಿ ಆ ಫೋನು ಬಂತು. ಸಾಕ್ಷಾತ್ ಶೋಧನ್ ಅಡ್ಯಂತಾಯರು!

"ಪ್ರಭಾಚಂದ್ರರೇ, ವಿಡಿಯೋ ನೋಡಿದೆ. ಬಹಳ ಸಂತೋಷ ಆಯಿತು. ಆದಿತ್ಯವಾರ ನನ್ನ ಕಡೆಯಿಂದ ಒಂದು ಲೋಡು ಕಳಿಸ್ತೇನೆ. ಇಲ್ಲ ಅನ್ನಬೇಡಿ."

ಇಲ್ಲ ಅನ್ನುವುದಾ! ಪ್ರಭಾಚಂದ್ರರು ಫೋನಿಗೇ ಕೈ ಮುಗಿದರು. "ಕೇಳಿದೆಯಾ? ಲೋಡು! ನಾನು ಎಂತ ಹೇಳಿದ್ದೆ?"

"ಎಂತದರ ಲೋಡು ಅಂತ ಕೇಳಿದಿರಾ?"

"ಕೊಟ್ಟಿಗೆಗೆ ಮತ್ತೆ ಎಂತ ಕಳಿಸ್ತಾರೆ, ಜಲ್ಲಿಯಾ?"

ಆದಿತ್ಯವಾರ ಗೇಟಿಗೆ ಮಾವಿನ ತೋರಣ. ದೀಕ್ಷಿತಾ ಕ್ಯಾಮರಾ ಸಮೇತ ಹಾಜರು. ನೆರೆಕರೆಯ ಹತ್ತಾರು ಜನ. ಒಳಗೆ ಹೆಸರುಬೇಳೆ ಪಾಯಸ. ಟರ್ಪಾಲು ಹೊದ್ದ ಲಾರಿ ತಿರುವಿನಲ್ಲಿ ಕಂಡ ಕೂಡಲೇ ಪ್ರಭಾಚಂದ್ರರು ತೆಂಗಿನಕಾಯಿ ಒಡೆದರು, ಲಾರಿಯ ಮೂತಿಗೆ ಹೂವಿನ ಹಾರ ಹಾಕಿದರು. "ಈ ಶುಭ ಸಂದರ್ಭದಲ್ಲಿ..." ಎಂದು ಶುರು ಮಾಡಿದರು.

ಟರ್ಪಾಲಿನ ಒಳಗಿನಿಂದ "ಅಂಬಾ" ಎಂದು ಉತ್ತರ ಬಂತು.

ಒಂದಲ್ಲ. ಮೇಳಕ್ಕೆ ಮೇಳವೇ! ಅಡ್ಯಂತಾಯರು ಮೂಡುಬಿದಿರೆಯಲ್ಲಿ ನಡೆಸುತ್ತಿದ್ದ ಡೈರಿಯನ್ನು ಮುಚ್ಚಿದ್ದರು. ಹಾಲು ಕೊಡುವವು ಮಾರಾಟವಾಗಿದ್ದವು. ಕೊಡದವು ಈಗ ಒಂದೊಂದಾಗಿ ಹಲಗೆಯ ಮೇಲಿಂದ ಅಂಗಳಕ್ಕೆ ಇಳಿಯುತ್ತಿದ್ದವು. ಪಕ್ಕೆಲುಬು ಎಣಿಸುವ ಹಾಗಿದ್ದವು. ತೋರಣದ ಮಾವಿನೆಲೆಗಳನ್ನು ಮೊದಲು ಇಳಿದದ್ದೇ ಎಳೆದು ತಿಂದಿತು.

"ಹುಲ್ಲು?" ಪ್ರಭಾಚಂದ್ರರು ಡ್ರೈವರನ ಕಿವಿಯಲ್ಲಿ ಕೇಳಿದರು.

"ಹುಲ್ಲಾ?" ಡ್ರೈವರ್ ಊರಿಗೆಲ್ಲ ಕೇಳುವ ಹಾಗೆ ಹೇಳಿದ. "ಹುಲ್ಲು ನಿಮ್ಮಲ್ಲಿ ಬೆಟ್ಟದಷ್ಟು ಉಂಟು ಅಂತಲೇ ಅಲ್ವಾ ಸರ್, ಇವನ್ನು ಇಲ್ಲಿಗೆ ಕಳಿಸಿದ್ದು?"

ಕ್ಯಾಮರಾ ಓಡುತ್ತಲೇ ಇತ್ತು. ಪ್ರಭಾಚಂದ್ರರು ಹಲ್ಲು ಕಿರಿದರು. ಹುಲ್ಲಿಲ್ಲದ ಕಡೆ ಹಲ್ಲಾದರೂ ಇರಲಿ ಎಂಬಂತೆ. ಯಶೋಧಾ ಪಾಯಸದ ಸೌಟು ಹಿಡಿದುಕೊಂಡೇ ಬಂದು ಪಕ್ಕದಲ್ಲಿ ನಿಂತರು.

"ದಾನ ಕೇಳಿದಿರಿ. ದೀರ್ಘ ಎಲ್ಲಿಯೋ ದಾರಿಯಲ್ಲಿ ಬಿದ್ದುಹೋಗಿದೆ. ದನ ಮಾತ್ರ ತಲುಪಿತು."

ನೆರೆಕರೆಯವರು ನಕ್ಕರು, ಪಾಯಸ ಕುಡಿದರು, ಹೋದರು. ಅಡ್ಯಂತಾಯರಿಗೆ ಪ್ರಭಾಚಂದ್ರರು ಮಾಡಿದ ಫೋನುಗಳನ್ನು ಯಾರೋ ಎತ್ತಿ, "ಸರ್ ಮೀಟಿಂಗಿನಲ್ಲಿದ್ದಾರೆ" ಎಂದು ಇಟ್ಟರು. ಹಕೀಂ ಯಾರೂ ಕೇಳದೆಯೇ ಒಂದು ಪಿಕಪ್ಪು ಹುಲ್ಲು ತಂದು ಇಳಿಸಿದ. ಅಷ್ಟು ಬಾಯಿಗಳ ನಡುವೆ ಅದು ಎಷ್ಟು ದಿನ? ಬಾಳೆದಿಂಡು ಮುಗಿಯಿತು. ಹಲಸಿನ ಮರ ಕೈಗೆಟಕುವವರೆಗೆ ಬೋಳಾಯಿತು. ಸೇವಂತಿಗೆ ಮಾಲೆ ಹಾಕಿಕೊಂಡು ಬಂದಿದ್ದ ಮುದಿ ಹಸು ಒಂದು ಬೆಳಿಗ್ಗೆ ಏಳಲಿಲ್ಲ. ಹೆಗಲು ಕೊಟ್ಟು ಎಬ್ಬಿಸಿದರು, ಮತ್ತೆ ಮಲಗಿತು. ಪಶುವೈದ್ಯರು ಬಂದು ಕಣ್ಣಿನ ರೆಪ್ಪೆ ಮಡಚಿ ನೋಡಿದರು.

"ಎಂತ ರೋಗ ಡಾಕ್ಟ್ರೇ?"

"ರೋಗ ಎಂತದೂ ಇಲ್ಲ. ವಯಸ್ಸಾಗಿದೆ, ಹೊಟ್ಟೆಗೆ ಸಾಲುವುದಿಲ್ಲ. ಅಷ್ಟೇ."

ಮಧ್ಯಾಹ್ನಕ್ಕೆ ಅದು ಹೋಯಿತು. ಗುಂಡಿಗೆ ಪ್ರಭಾಚಂದ್ರರೇ ಮಣ್ಣು ಎಳೆದರು. ಯಶೋಧಾ ಆ ದಿನ ಒಂದೂ ಕೊಂಕು ಮಾತಾಡಲಿಲ್ಲ. ಅದು ಗಂಡನಿಗೆ ಇನ್ನೂ ಕಷ್ಟವಾಯಿತು.

ಮರುದಿನ ಸ್ನಾನ ಮಾಡಿ ಬಸದಿಗೆ ಕೈ ಮುಗಿದು, ಪ್ರಭಾಚಂದ್ರರು ಮೂಡುಬಿದಿರೆಯ ಬಸ್ಸು ಹತ್ತಿದರು. "ಎಲ್ಲ ಹೇಳಿಬಿಡ್ತೇನೆ. ಬಣವೆ ನಮ್ಮದಲ್ಲ ಅಂತಲೂ ಹೇಳ್ತೇನೆ. ಬೈದರೆ ಬೈಯಲಿ," ಎಂದು ಹೋದರು.

ಹೇಳಿದರು ಕೂಡ. ಅಡ್ಯಂತಾಯರ ಚಾವಡಿಯಲ್ಲಿ, ಮೆತ್ತನೆಯ ಸೋಫಾದ ತುದಿಯಲ್ಲಿ ಕೂತು, ಖಾಲಿ ಅಟ್ಟ, ಬಾಡಿಗೆ ಹುಲ್ಲು, ಸತ್ತ ಹಸು, ಒಂದನ್ನೂ ಬಿಡದೆ ಹೇಳಿದರು. "ನಾಚಿಕೆಯಾಯಿತು, ಅದಕ್ಕೆ ಹಾಗೆ ಮಾಡಿದೆ. ಈಗ ನಿಮ್ಮವೇ ಉಪವಾಸ ಬಿದ್ದಿವೆ. ಒಂದು ಲಾರಿ ಹುಲ್ಲು ಕೊಡಿಸಿ," ಎಂದರು. ಜೀವಮಾನದಲ್ಲಿ ಅಷ್ಟು ನೇರವಾಗಿ ಅವರು ಏನನ್ನೂ ಕೇಳಿರಲಿಲ್ಲ.

ಅಡ್ಯಂತಾಯರ ಕಣ್ಣು ತುಂಬಿತು. ನಿಜವಾಗಿಯೇ ತುಂಬಿತು! "ಎಂಥ ಸರಳತೆ! ಎಂಥ ತ್ಯಾಗ! ಇಂಥವರನ್ನು ಸಮಾಜ ಗುರುತಿಸಬೇಕು," ಎಂದು ಎದ್ದರು. ಯಾರನ್ನೋ ಕರೆದರು. ಶಾಲು ಬಂತು, ಪೇಟ ಬಂತು, ಬಣ್ಣದ ಕಾಗದ ಸುತ್ತಿದ ದೊಡ್ಡ ಹಣ್ಣಿನ ಬುಟ್ಟಿ ಬಂತು. ಫೋಟೋಕ್ಕೆ ಇಬ್ಬರೂ ಬುಟ್ಟಿ ಹಿಡಿದು ನಿಂತರು.

"ಹುಲ್ಲು..." ಎಂದರು ಪ್ರಭಾಚಂದ್ರರು, ಪೇಟದ ಅಡಿಯಿಂದ.

"ಅದಕ್ಕೆಲ್ಲ ದೇವರಿದ್ದಾನೆ ಪ್ರಭಾಚಂದ್ರರೇ. ನಿಮ್ಮಂಥವರ ಕೈ ಅವನು ಬಿಡುವುದಿಲ್ಲ," ಎಂದು ಅಡ್ಯಂತಾಯರು ಅವರ ಬೆನ್ನು ತಟ್ಟಿ, ವಿಮಾನಕ್ಕೆ ಹೊತ್ತಾಯಿತೆಂದು ಒಳಗೆ ಹೋದರು.

ಮನೆ ಮುಟ್ಟುವಾಗ ಸೂರ್ಯ ಮುಳುಗಿಯಾಗಿತ್ತು. ಕತ್ತಲಾದ ಮೇಲೆ ಏನೂ ತಿನ್ನದ ಜೈನರ ಮನೆ, ಹಣ್ಣು ತಿನ್ನುವ ಹೊತ್ತೂ ಮೀರಿತ್ತು. ಪ್ರಭಾಚಂದ್ರರು ಕೊಟ್ಟಿಗೆಯ ಕಟ್ಟೆಯ ಮೇಲೆ ಬುಟ್ಟಿ ಇಟ್ಟು, ಶಾಲು ಸಮೇತ ಕೂತುಬಿಟ್ಟರು. ಯಶೋಧಾ ಏನಾಯಿತೆಂದು ಕೇಳಲಿಲ್ಲ. ಶಾಲು ನೋಡಿದರೆ ಗೊತ್ತಾಗುತ್ತಿತ್ತು. ಬಣ್ಣದ ಕಾಗದ ಹರಿದು ಸೇಬು, ಮುಸುಂಬಿ, ದ್ರಾಕ್ಷಿಯನ್ನು ಒಂದೊಂದಾಗಿ ತೆಗೆದು ಮೊರದಲ್ಲಿ ಇಟ್ಟರು. ಮೇಲಿನಿಂದ ತುಂಬಿ ತುಳುಕುತ್ತಿದ್ದ ಬುಟ್ಟಿಯಲ್ಲಿ ಎರಡು ಪದರ ತೆಗೆಯುವಾಗಲೇ ಹಣ್ಣು ಮುಗಿಯಿತು. ಹಣ್ಣು ಎತ್ತರ ಕಾಣಲೆಂದು ಕೆಳಗೆ ಒತ್ತೊತ್ತಾಗಿ ಏನನ್ನೋ ತುಂಬಿದ್ದರು. ಯಶೋಧಾ ಕೈ ಹಾಕಿ ಎಳೆದರು. ಬೈಹುಲ್ಲು! ಒಣಗಿದ, ಹಳದಿಯಾದ, ಒಳ್ಳೆ ಬೈಹುಲ್ಲು. ಎರಡು ಹಿಡಿ.

ಕತ್ತಲಲ್ಲಿ ಅಷ್ಟೂ ಪ್ರಾಣಿಗಳು ಎದ್ದು ನಿಂತವು.

ಯಶೋಧಾ ಹುಲ್ಲನ್ನು ಗಂಡನ ಮಡಿಲಲ್ಲಿ, ಜರಿಯ ಶಾಲಿನ ಮೇಲೆ ಇಟ್ಟರು.

"ಅಂತೂ ಕೊಟ್ಟರಲ್ಲ ಮಾರಾಯ್ರೆ. ಇನ್ನು ನೀವೇ ಹಂಚಿ. ನನ್ನ ಕೈಯಲ್ಲಿ ಆಗುವುದಿಲ್ಲ."