ಬಾರ್ನಬಿ ಕೋವಿ ಹಿಡಿದ ದಿನ

ಊರ ಗಂಡಸರೆಲ್ಲ ಆಯುಧ ಹೊತ್ತು ಬಯಲಲ್ಲಿ ನಿಲ್ಲಬೇಕಾದ ದಂಡಿನ ಹಾಜರಿಯ ದಿನ ಬೆಳಿಗ್ಗೆ ರೊಟ್ಟಿ ಸುಡುವ ಹಂಫ್ರಿ ಸೇಬಿನ ಮರದಿಂದ ಬಿದ್ದು ಕಾಲು ಮುರಿದುಕೊಂಡ. ಬಿದ್ದವನು ಅವನು, ಪೆಟ್ಟಾದದ್ದು ಮಾತ್ರ ಬಾರ್ನಬಿ ಟಕ್‌ವೆಲ್‌ಗೆ.

ಊರಿಗೆ ಇದ್ದದ್ದು ಒಂದೇ ಕೋವಿ. ಅದು ಚರ್ಚಿನ ಗಂಟೆಗೋಪುರದಲ್ಲಿ ಬಾವಲಿಗಳ ಜೊತೆ ವಾಸವಾಗಿತ್ತು. ಹಾಜರಿಯ ದಿನ ಅದನ್ನು ಹೊತ್ತು ನಡೆಯುವ ಕೆಲಸ ಹಂಫ್ರಿಯದು. ಅವನು ಮಲಗಿದ ಮೇಲೆ ಊರ ಕಾನ್‌ಸ್ಟೇಬಲ್ ಜರ್ವಿಸ್ ಪೌಲ್ಟ್ ನೆಟ್ಟಗೆ ಬಾರ್ನಬಿಯ ಅಂಗಳಕ್ಕೆ ಬಂದ.

"ಎದ್ದೇಳಯ್ಯ. ಇವತ್ತು ಕೋವಿ ನೀನು ಹಿಡೀಬೇಕು."

ಬಾರ್ನಬಿ ಕೈಯಲ್ಲಿದ್ದ ಉಳಿ ಕೆಳಗಿಟ್ಟ. "ನಾನು ಬಿಲ್ಲು ಮಾಡೋನು ಕಣೋ. ಆ ದರಿದ್ರದ್ದನ್ನ ಮುಟ್ಟಿದೋನೇ ಅಲ್ಲ."

"ಬಿಲ್ಲು ಯಾರಿಗೆ ಬೇಕು ಈಗ? ಬಿಲ್ಲು ತಂದೋರನ್ನ ಲೆಕ್ಕಕ್ಕೇ ಹಿಡಿಯೋದಿಲ್ಲ ಅಂತ ರಾಣಿಯೋರ ಮಂತ್ರಿಗಳು ಹೇಳಿಯಾಯ್ತು. ನಿನ್ನ ಕೈ ನಡುಗೋದಿಲ್ಲ, ಕಣ್ಣು ಚೆನ್ನಾಗಿದೆ. ಬಾ."

ಕಣ್ಣು ಚೆನ್ನಾಗಿತ್ತು, ನಿಜ. ಆದರೆ ಆ ಕಣ್ಣಿನ ಮುಂದೆಯೇ ಅವನ ಕಸುಬು ಸಾಯುತ್ತಿತ್ತು. ಅಪ್ಪ, ಅಜ್ಜ ಬಿಲ್ಲು ಕೆತ್ತಿದ ಮಣೆಯ ಮೇಲೆ ಅವನೀಗ ಮುಕ್ಕಾಲಿ, ಕುಂಟೆಯ ಹಿಡಿ ಮಾಡುತ್ತಿದ್ದ. "ತೊಟ್ಟಿಲು ಮಾಡು, ಮಕ್ಕಳು ಹುಟ್ಟೋದಂತೂ ನಿಲ್ಲೋದಿಲ್ಲ" ಎಂದು ಹಂಫ್ರಿಯೇ ಒಮ್ಮೆ ಬುದ್ಧಿ ಹೇಳಿದ್ದ.

ದಾರಿಯುದ್ದಕ್ಕೂ ಊರಿನವರು ಪಾಠ ಮಾಡಿದರು. ಮದ್ದು ಮೊದಲು ಎಂದ ಒಬ್ಬ, ಗುಂಡು ಮೊದಲು ಎಂದ ಇನ್ನೊಬ್ಬ. ಗುಂಡು ಹಾರಿಸುವಾಗ ಕಣ್ಣು ಮುಚ್ಚಿಕೊಂಡರೆ ಸಾಕು, ಉಳಿದದ್ದು ದೇವರು ನೋಡಿಕೊಳ್ಳುತ್ತಾನೆ ಎಂದರು ಪಾದ್ರಿಗಳು. ಬಾರ್ನಬಿ ನಡೆಯುತ್ತಲೇ ಇದ್ದ. ಎಡ ಹೆಗಲ ಮೇಲೆ ಊರಿನ ಕೋವಿ, ಬೆನ್ನ ಹಿಂದೆ ತನ್ನ ಬಿಲ್ಲು, ಬತ್ತಳಿಕೆ, ತೇವ ತಾಗದಂತೆ ಟೋಪಿಯ ಒಳಗೆ ಬಿಲ್ಲಿನ ಹೆದೆ. ಹೆಂಡತಿ ತೊಮಸಿನ್ ಬಿಲ್ಲು ಬಿಟ್ಟುಹೋಗು ಎಂದಿದ್ದಳು. ಅವನಿಗೆ ಮನಸ್ಸು ಬಂದಿರಲಿಲ್ಲ.

ಬಯಲಿನಲ್ಲಿ ಐದು ಊರಿನವರು ಸಾಲಾಗಿ ನಿಂತಿದ್ದರು. ಫ್ಲಾಂಡರ್ಸ್‌ನ ಯುದ್ಧದಲ್ಲಿ ಒಂದು ಕಣ್ಣು ಕಳೆದುಕೊಂಡು ಬಂದಿದ್ದ ಕ್ಯಾಪ್ಟನ್ ಕುದುರೆಯ ಮೇಲೆ ಕೂತು ಉಳಿದೊಂದು ಕಣ್ಣಿನಲ್ಲೇ ಎಲ್ಲರನ್ನೂ ಹುರಿಯುತ್ತಿದ್ದ. ಪಕ್ಕದೂರಿನ ಕೋವಿಗಾರ ಹಾಬ್ ಎಂಬ ಹಂದಿ ಕಾಯುವವನು. ಅವನು ಮದ್ದು ಸುರಿದ, ಗುಂಡು ತುರುಕಿದ, ಮದ್ದಿಗೆ ಕಿಡಿ ತಾಗಿಸುವ ಬತ್ತಿ ಊದಿದ, ಢಂ ಎನ್ನಿಸಿದ. ಗುರಿಹಲಗೆಯ ಅಂಚು ಹಾರಿತು. ಜನ ಹೋ ಎಂದರು.

"ಮುಂದಿನವನು!"

ಬಾರ್ನಬಿ ಮುಂದೆ ಬಂದ. ಬತ್ತಿ ಆರಿತು, ಮತ್ತೆ ಹೊತ್ತಿಸಿದ, ಗಡ್ಡದ ತುದಿ ಸುಟ್ಟಿತು. ಮದ್ದು ಎಷ್ಟು ಎಂದು ತಿಳಿಯದೆ, ಕಡಿಮೆಯಾದರೆ ಊರಿನ ಮಾನ ಹೋದೀತೆಂದು, ಗಂಜಿಗೆ ಉಪ್ಪು ಹಾಕುವ ಹೊಸ ಸೊಸೆಯಂತೆ ಸುರಿದ. ಪಾದ್ರಿಗಳ ಮಾತಿನಂತೆ ಕಣ್ಣು ಮುಚ್ಚಿದ.

ಬಯಲು ನಡುಗಿತು. ಬಾರ್ನಬಿ ಜರ್ವಿಸ್‌ನ ಹೊಟ್ಟೆಯ ಮೇಲೆ ಬಿದ್ದ. ಗುಂಡು ಹಲಗೆಯ ಕಡೆಗೆ ಹೋಗದೆ ಕ್ಯಾಪ್ಟನ್ನರ ಡೇರೆ ಹೊಕ್ಕು ಬಿಯರ್ ಪೀಪಾಯಿಗೆ ತೂತು ಮಾಡಿತು. ಸಾಲು ಮುರಿದು ಐದೂ ಊರಿನ ಸೈನ್ಯ ಟೋಪಿ ಕೈಯಲ್ಲಿ ಹಿಡಿದು ಅತ್ತ ಓಡಿತು. ಶತ್ರು ಸ್ಪೇನಿನವರೇ ದಂಡೆತ್ತಿ ಬಂದಿದ್ದರೂ ಅಷ್ಟು ಬಿರುಸಾಗಿ ಓಡುತ್ತಿರಲಿಲ್ಲ.

"ಯಾರೋ ನೀನು? ಏನು ಕಸುಬು?" ಕ್ಯಾಪ್ಟನ್ ಗುಡುಗಿದ.

"ಬಿಲ್ಲು ಮಾಡೋನು, ದೊರೆ."

ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. "ನಮ್ಮಜ್ಜಿಗೆ ಬಟ್ಟೆ ಒಣಗ್ಹಾಕೋಕೆ ಒಂದು ಬಿಲ್ಲು ಮಾಡ್ಕೊಡಪ್ಪಾ!" ಎಂದು ಹಾಬ್ ಕೂಗಿದ.

ಬಾರ್ನಬಿ ಎದ್ದ. ಕೋವಿಯನ್ನು ಹುಲ್ಲಿನ ಮೇಲೆ ಮಲಗಿಸಿದ. ಟೋಪಿ ತೆಗೆದು ಹೆದೆ ಬಿಚ್ಚಿ ಬಿಲ್ಲಿಗೆ ಏರಿಸಿದ. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಮೊದಲ ಬಾಣ ಹಲಗೆಯ ನಡುವೆ ನಾಟಿತು. ಅದರ ಗರಿ ಅಲುಗುತ್ತಿರುವಾಗಲೇ ಎರಡನೆಯದು ಪಕ್ಕಕ್ಕೆ ಬಂತು, ಮೂರನೆಯದು ಅದರ ಪಕ್ಕಕ್ಕೆ. ಹಾಬ್ ಇನ್ನೊಂದು ಸಲ ಮದ್ದು ಸುರಿದು ಮುಗಿಸುವಷ್ಟರಲ್ಲಿ ಬಾರ್ನಬಿಯ ಬತ್ತಳಿಕೆ ಬರಿದಾಗಿತ್ತು. ಒಂದು ಬಾಣವೂ ನೆಲಕ್ಕೆ ಬಿದ್ದಿರಲಿಲ್ಲ.

ನಗು ನಿಂತಿತು. ಕ್ಯಾಪ್ಟನ್ ಕುದುರೆಯಿಂದ ಇಳಿದು ಬಂದು ಬಿಲ್ಲನ್ನು ಕೈಗೆ ತೆಗೆದುಕೊಂಡ. ಬಹಳ ಹೊತ್ತು ಹೆಬ್ಬೆರಳಿನಿಂದ ಮರವನ್ನು ಸವರಿದ.

"ನಮ್ಮಪ್ಪನ ಹತ್ತಿರ ಇಂಥದ್ದೇ ಇತ್ತು" ಎಂದ, ಬೇರೆಯೇ ದನಿಯಲ್ಲಿ. "ಎಷ್ಟು ವರ್ಷದಲ್ಲಿ ಕಲಿತೆ?"

"ಹಾಲುಹಲ್ಲು ಬೀಳೋ ವಯಸ್ಸಲ್ಲಿ ಅಪ್ಪ ಕೈಗೆ ಕೊಟ್ಟ. ಕೈ ಹಿಡಿತಕ್ಕೆ ಬರೋ ಹೊತ್ತಿಗೆ ನನಗೆ ಮದುವೆ ಆಗಿತ್ತು, ದೊರೆ. ಇನ್ನೂ ಕಲೀತಾನೇ ಇದ್ದೀನಿ."

"ಈ ಹಂದಿ ಕಾಯೋನಿಗೆ ನಾನು ಕೋವಿ ಕಲಿಸೋಕೆ ಶುರು ಮಾಡಿದ್ದು ಈ ಸೋಮವಾರವಷ್ಟೇ" ಎಂದ ಕ್ಯಾಪ್ಟನ್. ಬಿಲ್ಲು ಹಿಂದಿರುಗಿಸಿ ಎಲ್ಲರಿಗೂ ಕೇಳುವಂತೆ ಕೂಗಿದ: "ಬರೋ ಭಾನುವಾರದಿಂದ ಐದೂ ಊರಿನೋರಿಗೆ ಇವನೇ ಗುರು. ಇವನು ಹೇಳಿದ್ದೇ ನನ್ನ ಅಪ್ಪಣೆ!"

ಹೋಗುವಾಗ ತಲೆ ತಗ್ಗಿಸಿದ್ದ ಬಾರ್ನಬಿಯನ್ನು ಬರುವಾಗ ಊರಿನವರು ಹೆಗಲ ಮೇಲೆ ಹೊತ್ತು ತಂದರು. ಬಿಲ್ಲಿನ ಕಾಲ ಮತ್ತೆ ಬಂತು! ಹೆಂಗಸರು ಅಟ್ಟದಿಂದ ಹಳೆಯ ಬಿಲ್ಲುಗಳನ್ನು ಇಳಿಸಿ ಜೇಡ ಕೊಡವಿದರು. ಹಂಫ್ರಿ ಮಲಗಿದಲ್ಲಿಂದಲೇ ಹೇಳಿ ಕಳಿಸಿದ: "ನನ್ನ ಮೂವರು ಗಂಡುಮಕ್ಕಳಿಗೂ ಒಂದೊಂದು ಬಿಲ್ಲು ಬೇಕು, ಹಳೇ ಸ್ನೇಹ ಮರೀಬೇಡ." ಬಾರ್ನಬಿ ಅರ್ಧ ಮಾಡಿದ್ದ ಮುಕ್ಕಾಲಿಯನ್ನು ಒಲೆಗೆ ಹಾಕಿದ. ತೊಮಸಿನ್ ಕೋಳಿ ಕೊಯ್ದಳು. ಗಂಡ ಮಣೆಯ ಮುಂದೆ ಕೂತು ಹಾಡು ಗುನುಗುವುದನ್ನು ಅವಳು ಕೇಳಿ ವರ್ಷಗಳೇ ಆಗಿದ್ದವು.

ಬಿಸಿಲು ಇಳಿಯುವ ಹೊತ್ತಿಗೆ ಅಂಗಳಕ್ಕೆ ಒಂದು ಗಾಡಿ ಬಂತು. ಹೊಡೆಯುತ್ತಿದ್ದವನು ಹಾಬ್. ಗಾಡಿಯ ತುಂಬ ಕೋವಿಗಳು, ಮದ್ದಿನ ಪೀಪಾಯಿ.

"ಎಲ್ಲಿ ಇಳಿಸ್ಲಿ, ಗುರುಗಳೇ?"

"ದಾರಿ ತಪ್ಪಿ ಬಂದೆ ನೀನು" ಎಂದ ಬಾರ್ನಬಿ. "ನಾನು ಕಲಿಸೋದು ಬಿಲ್ಲು."

ಹಾಬ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಬೆಳಗಿನ ಕುಚೋದ್ಯ ಈಗ ಅವನ ಮುಖದಲ್ಲಿರಲಿಲ್ಲ. "ಇಲ್ಲ, ಯಜಮಾನ್ರೇ. ಕೋವೀನೇ. ಕ್ಯಾಪ್ಟನ್ನರು ಹೇಳಿದ್ರು, ಬಿಲ್ಲು ಬೇಕು ಅಂತ ಐದೂರಲ್ಲೂ ಗೊಣಗ್ತಾರಲ್ಲ, ಬಿಲ್ಲು ಮಾಡೋನೇ ಕೋವಿ ಹಿಡಿದು ನಿಂತ ಅಂದ್ರೆ ಆಮೇಲೆ ಯಾರೂ ಬಾಯಿ ಬಿಡೋದಿಲ್ಲ ಅಂತ."

"ನನಗೇ ಬರೋದಿಲ್ವಲ್ಲೋ!"

"ಅದಕ್ಕೇ ನನ್ನ ಕಳ್ಸಿರೋದು. ಕತ್ತಲಾಗೋದ್ರೊಳಗೆ ಕಲಿಸ್ಬಿಡ್ತೀನಿ, ಬನ್ನಿ."

ಅಪ್ಪಣೆ ಮೀರುವಂತಿರಲಿಲ್ಲ. ಹಿತ್ತಲಿನ ಬೇಲಿಗೆ ಹಲಗೆ ಕಟ್ಟಿದರು. ಹಂದಿ ಕಾಯುವವನು ತಾಳ್ಮೆಯಿಂದ ಹೇಳಿಕೊಟ್ಟ: ಮದ್ದು ಇಷ್ಟೇ, ಗುಂಡು ಹೀಗೆ, ಬತ್ತಿ ಹೀಗೆ ಊದಿ, ಕಣ್ಣು ಮಾತ್ರ ಮುಚ್ಚಬೇಡಿ. ಸದ್ದು ಕೇಳಿ ಅಕ್ಕಪಕ್ಕದವರು ಕೈಯಲ್ಲಿ ಬಿಲ್ಲು ಹಿಡಿದೇ ಬೇಲಿಯಾಚೆ ಬಂದು ನಿಂತರು. ಮೊದಲ ಗುಂಡು ಆಕಾಶಕ್ಕೆ ಹೋಯಿತು, ಎರಡನೆಯದು ಎಲೆಕೋಸಿನ ಮಡಿಗೆ. ಹೊತ್ತು ಮುಳುಗುವ ಮೊದಲೇ ಇನ್ನೊಂದು ಹಲಗೆಯ ನಟ್ಟನಡುವೆ ಹೊಕ್ಕಿತು.

"ಬಿತ್ತು! ಬಿತ್ತು!" ಹಾಬ್ ಕುಣಿದ.

ಬೇಲಿಯಾಚೆಯವರು ಒಬ್ಬೊಬ್ಬರಾಗಿ ಮನೆಗೆ ಹೋದರು. ಬಾರ್ನಬಿ ಹೊಗೆಯ ನಡುವೆ ನಿಂತೇ ಇದ್ದ. ತೊಮಸಿನ್ ಹತ್ತಿರ ಬಂದಳು.

"ಇಷ್ಟು ಬೇಗ ಕಲಿತುಬಿಟ್ಯಾ?"

"ಹೂಂ" ಎಂದ ಅವನು, ಮಸಿ ಹತ್ತಿದ ಕೈ ನೋಡಿಕೊಳ್ಳುತ್ತ. "ಯಾರು ಬೇಕಾದ್ರೂ ಕಲೀಬಹುದು."