ಮನೆಗಾಡಿಯ ಮೆಟ್ಟಿಲಪಟ್ಟಿ

ಕೈಯಾರೆ ಒಂದು ಕೆಲಸ ಮಾಡಿದವನು ಅದನ್ನು ನಾಲ್ಕು ಜನರಿಗೆ ತೋರಿಸದೆ ಸುಮ್ಮನಿದ್ದಾನೆಂದರೆ, ಒಂದೋ ಅವನು ಸಂತನಾಗಿರಬೇಕು, ಇಲ್ಲವೇ ಕೆಲಸ ಕೆಟ್ಟಿರಬೇಕು. ನಾನು ಸಂತನಲ್ಲ, ನನ್ನ ಕೆಲಸವೂ ಕೆಟ್ಟಿಲ್ಲ. ಆದ್ದರಿಂದ ಬೆಟಗೇರಿಯ ನಮ್ಮ ಓಣಿಗೆ ಯಾರೇ ಬರಲಿ, ನಮ್ಮ ಮನೆಗಾಡಿಯ ಮೆಟ್ಟಿಲಿಗೆ ನಾನು ಹಾಕಿದ ಹೊಸ ಪಟ್ಟಿಯನ್ನು ನೋಡಿಯೇ ಮುಂದೆ ಹೋಗಬೇಕು. ಹಾಲಿನವನಂತೂ ಈಗ ಹಿಂದಿನ ಓಣಿಯಿಂದ ಸುತ್ತಿ ಬರುತ್ತಾನೆ.

ನಿವೃತ್ತನಾದ ಮೇಲೆ ಒಂದು ಹಳೆಯ ಮಿನಿಬಸ್ಸು ಕೊಂಡು, ಸೀಟು ಕಿತ್ತು, ಒಳಗೆ ಮಂಚ, ಗ್ಯಾಸಿನ ಒಲೆ, ಪಾತ್ರೆ ತೊಳೆಯುವ ತೊಟ್ಟಿ ಎಲ್ಲ ಕೂಡಿಸಿದ್ದೆ. ಅದನ್ನು ನಾನು ಮನೆ ಎನ್ನುತ್ತಿದ್ದೆ. ಹೆಂಡತಿ ಗಿರಿಜಾ ಒಪ್ಪುತ್ತಿರಲಿಲ್ಲ. "ಹೊಸ್ತಿಲಾ ಇಲ್ಲದ್ದು ಎಂಥಾ ಮನಿ ರೀ? ಗಾಡಿ ಐತಿ, ಗಾಡಿ ಅನ್ರಿ" ಎನ್ನುತ್ತಿದ್ದಳು. ಊರೆಲ್ಲ ಹೊಗಳಿದರೂ ಇವಳ ಬಾಯಿಂದ ಒಮ್ಮೆ 'ಮನಿ' ಎಂಬ ಮಾತು ಬರಲಿ ಎಂಬುದೇ ನನ್ನ ಆಸೆಯಾಗಿತ್ತು.

ಅಷ್ಟರಲ್ಲಿ ಒಂದು ದಿನ ಕುರ್ತಕೋಟಿಯಿಂದ ಬಂದು ಇಳಿಯುವಾಗ, ಸವೆದು ಮೇಲೆದ್ದಿದ್ದ ಮೆಟ್ಟಿಲಿನ ಪಟ್ಟಿಗೆ ಅವಳ ಹೊಸ ಸೀರೆಯ ಅಂಚು ಸಿಕ್ಕಿ ಪರ್ ಎಂದು ಹರಿಯಿತು. ಅವಳು ನೇಕಾರರ ಮನೆಯ ಮಗಳು. ಸೀರೆಯ ಒಡಲು ಹರಿದರೆ ಬೈದು ಬಿಟ್ಟಾಳು. ಅಂಚು ಹರಿದರೆ ಮಾತೇ ಬಿಡುತ್ತಾಳೆ. ಆ ಸಂಜೆ ಆಡಿದ್ದು ಒಂದೇ ಮಾತು: "ಲಕ್ಷ್ಮೇಶ್ವರಕ್ಕ ತಮ್ಮನ ಮಗಳ ನಿಶ್ಚಯಕ್ಕ ನಾ ಬಸ್ಸಿಗೆ ಹೋಗ್ತೇನಿ. ನೀವು ನಿಮ್ಮ ಗಾಡಿ ತೊಗೊಂಡು ಬರ್ರಿ."

ಅವಳ ತಮ್ಮ ಫೋನಿನಲ್ಲಿ, "ಮಾಮಾ, ಗ್ಯಾರೇಜಿಗೆ ಕೊಡ್ರಿ, ನಿಮ್ಮ ಕೈಲೆ ಆಗೂದಲ್ಲ" ಎಂದ. ಅಲ್ಲಿಗೆ ಗ್ಯಾರೇಜಿನ ವಿಚಾರ ಮುಗಿಯಿತು. ತುಕ್ಕು ಹಿಡಿದ ಸ್ಕ್ರೂಗಳಿಗೆ ಎಣ್ಣೆ ಕುಡಿಸಿ, ಗೋಗರೆದು, ಬೈದು ಬಿಚ್ಚಿದೆ. ಹಳೆಯ ಅಂಟನ್ನು ದೋಸೆ ಮಗುಚುವ ಸವಟಿನಿಂದ ಕೆರೆದೆ; ಆ ಸವಟಿಗೆ ಈಗ ಅಡುಗೆಮನೆಯಲ್ಲಿ ಪ್ರವೇಶವಿಲ್ಲ. ಹಳೆಯ ಪಟ್ಟಿಯನ್ನೇ ಅಳತೆಗೆ ಇಟ್ಟು ಹೊಸ ಅಲ್ಯುಮಿನಿಯಂ ಪಟ್ಟಿ ಕತ್ತರಿಸಿದೆ. ಮೊದಲನೆಯದು ಗಿಡ್ಡವಾಯಿತು. ಅದೀಗ ಗಾಡಿಯೊಳಗಿನ ಕಪಾಟಿನ ಅಂಚಿನಲ್ಲಿದೆ. ಬೇಕೆಂದೇ ಮಾಡಿದ್ದು ಎಂದು ಎಲ್ಲರಿಗೂ ಹೇಳಿದ್ದೇನೆ. ಎರಡನೆಯದು ಮಾತ್ರ ಸಂದಿಯಲ್ಲಿ ಉಗುರು ಹೋಗದಷ್ಟು ಚೆಂದ ಕೂತಿತು. ಅಂಟು ಒಣಗುವವರೆಗೆ ಅದರ ಮೇಲೆ ಜೋಳದ ಚೀಲ ಹೇರಿ, ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕಾದೆ. ಅಷ್ಟು ಹೆಮ್ಮೆ ನನಗೆ ನೌಕರಿ ಸಿಕ್ಕ ದಿನವೂ ಆಗಿರಲಿಲ್ಲ.

ನಿಶ್ಚಯದ ದಿನ ಬೆಳಿಗ್ಗೆ ಗಿರಿಜಾ ಬಂದು ಸೆರಗನ್ನು ಪಟ್ಟಿಯ ಮೇಲೆ ಎಳೆದು ನೋಡಿದಳು. ಎಲ್ಲೂ ಹಿಡಿಯಲಿಲ್ಲ. ಮನೆಯೊಳಗೆ ಹೋಗಿ, ಅರಿಷಿಣ ಕುಂಕುಮ ತಂದು ಪಟ್ಟಿಗೆ ಹಚ್ಚಿ, ಎರಡು ಹೂವಿಟ್ಟಳು. ಬೇರೆ ದಿನವಾಗಿದ್ದರೆ ಹೊಳೆಯುವ ಪಟ್ಟಿ ಹಳದಿಯಾಯಿತೆಂದು ಕೂಗಾಡುತ್ತಿದ್ದೆ. ಅವತ್ತು ಜಾರಿದ ಹೂವನ್ನು ನಾನೇ ನೆಟ್ಟಗಿಟ್ಟೆ. ಅವಳು ಬಸ್ಸಿನ ಮಾತೆತ್ತದೆ ಗಾಡಿ ಹತ್ತಿದಳು. ಹಿಂದೆಯೇ ನಾನೂ ಹತ್ತಲು ಕಾಲೆತ್ತಿದೆ.

"ಹೊಸ್ತಿಲಾ ದಾಟೂ ಮುಂದ ಚಪ್ಪಲ್ ಹಾಕ್ಕೊಂಡು ಬರ್ತಾರೇನ್ರಿ? ಹೊರಗ ಬಿಡ್ರಿ!"

ಹೊಸ್ತಿಲಾ ಎಂದಳು! ಚಪ್ಪಲಿಯನ್ನು ಹೊರಗೆ ಜೋಡಿಸಿಟ್ಟು, ಪಟ್ಟಿ ದಾಟಿ ಒಳಗೆ ಹೋಗಿ, ಬರಿಗಾಲಲ್ಲೇ ಗಾಡಿ ಬಿಟ್ಟೆ. ಅವಳು ತನ್ನ ಚಪ್ಪಲಿಯನ್ನು ಚೀಲದಲ್ಲಿ ಹಾಕಿಕೊಂಡಿದ್ದು ನನ್ನ ಲಕ್ಷ್ಯಕ್ಕೇ ಬರಲಿಲ್ಲ.

ಲಕ್ಷ್ಮೇಶ್ವರದಲ್ಲಿ ಅವಳ ತಮ್ಮ, ಬೀಗರು ಎಲ್ಲ ಬಾಗಿಲಲ್ಲೇ ನಿಂತಿದ್ದರು. ಪಟ್ಟಿ ತೋರಿಸುವ ಅವಸರದಲ್ಲಿ ಇಳಿದೆ.

"ಮಾಮಾ, ಚಪ್ಪಲ್ ಎಲ್ಲಿ?" ಎಂದ ತಮ್ಮ.

"ಮನಿ ಹೊರಗ ಬಿಟ್ಟೇನಿ" ಎಂದು ಗತ್ತಿನಿಂದ ಹೇಳಿ, ತಿರುಗಿ ನೋಡಿದೆ. ಮನೆ ನನ್ನ ಬೆನ್ನ ಹಿಂದೆಯೇ ಇತ್ತು. ಚಪ್ಪಲಿ ಬೆಟಗೇರಿಯ ಓಣಿಯಲ್ಲಿ, ಖಾಲಿ ಜಾಗದ ಮುಂದೆ ಅಚ್ಚುಕಟ್ಟಾಗಿ ಕೂತಿರಬೇಕು.

"ಇಡೀ ಮನಿ ತಂದಾರ, ಚಪ್ಪಲ್ ಬಿಟ್ಟು ಬಂದಾರ ನೋಡ್ರಿ!" ಎಂದಳು ಗಿರಿಜಾ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಪಟ್ಟಿಯನ್ನು ಒಬ್ಬರೂ ನೋಡಲಿಲ್ಲ. ನಾನು ಕಾದ ರಸ್ತೆಯ ಮೇಲೆ ಒಂದು ಕಾಲು ಬಿಟ್ಟು ಒಂದು ಕಾಲೂರಿ ಕುಣಿಯುತ್ತಲೇ, ಕೇಳಿಸದವನ ಹಾಗೆ ಅವಳ ಕಡೆ ತಿರುಗಿ, "ಏನ್ ತಂದಾರ ಅಂದಿ? ಇನ್ನೊಮ್ಮಿ ಹೇಳು" ಎಂದೆ.