ಪಿಂಡ ಕಾಯ್ದ ಜೇಡ

ಕಣ್ಣಾರೆ ಕಾಣದ, ಕೈಯಾರೆ ಎಣಿಸದ ಯಾವುದರ ಬಗ್ಗೆಯೂ ನಾನು ಒಂದು ಸಾಲು ಬರೆದವನಲ್ಲ. ಇಪ್ಪತ್ತೆರಡು ವರ್ಷದ ವರದಿಗಾರಿಕೆಯಲ್ಲಿ ಬ್ಯಾಡಗಿ ಪೇಟೆಯ ಮೆಣಸಿನಕಾಯಿ ಚೀಲಗಳ ನಡುವೆ ಸೀನುತ್ತ ನಿಂತು ಬರೆದಿದ್ದೇನೆ. ಹೊಳೆಯ ನೀರು ಎಷ್ಟು ಮೆಟ್ಟಿಲು ಏರಿತೆಂದು ಹೇಳುವ ಮೊದಲು ಸೊಂಟದವರೆಗೆ ನೀರಿಗಿಳಿದು ಮೆಟ್ಟಿಲು ಎಣಿಸಿದ್ದೇನೆ. ಆದ್ದರಿಂದ ಹುಬ್ಬಳ್ಳಿಯಿಂದ ಸಂಪಾದಕರು ಫೋನು ಮಾಡಿ, ಮಕ್ಕಳ ಪುಟ ನೋಡುವವರು ರಜೆಯಲ್ಲಿದ್ದಾರೆ, ಒಂದು ಆಟಿಕೆಯ ವಿಮರ್ಶೆ ಬರೆದುಕೊಡಿ ಎಂದಾಗ ನಾನು ನಗಲಿಲ್ಲ. ಮನಸ್ಸಿನಲ್ಲೇ ಪ್ರತಿಜ್ಞೆ ಮಾಡಿದೆ: ನಾನು ಬರೆದ ಮೇಲೆ ಇನ್ನೊಬ್ಬರು ಈ ಆಟಿಕೆಯ ಬಗ್ಗೆ ಬರೆಯುವ ಅಗತ್ಯವೇ ಬೀಳಬಾರದು!

ಆ ಪ್ರತಿಜ್ಞೆಯ ದೆಸೆಯಿಂದ ನಮ್ಮ ತಂದೆಯ ವರ್ಷಶ್ರಾದ್ಧದ ದಿನ ಕಾಗೆ ಪಿಂಡ ಮುಟ್ಟದೆ ಇಡೀ ಮನೆ ಹಸಿದು ಕೂರುವ ಪ್ರಸಂಗ ಬಂದೀತೆಂದು ನನಗೆ ಹೇಗೆ ತಿಳಿಯಬೇಕು?

ಹಾವೇರಿ ಜಿಲ್ಲೆಯಾಗಿ ಐದು ತಿಂಗಳಾಗಿತ್ತು. ನಾವಿದ್ದದ್ದು ರಾಣೆಬೆನ್ನೂರಿನಲ್ಲಿ: ನಾನು, ನನ್ನ ಹೆಂಡತಿ ನಲಿನಿ, ತಾಯಿ ಭಾಗೀರಥೀಬಾಯಿ. ಮಗಳು ಧಾರವಾಡದ ಹಾಸ್ಟೆಲ್ಲಿನಲ್ಲಿದ್ದಳು. ಆಟಿಕೆ ಬಸ್ಸಿನ ಪಾರ್ಸಲ್ಲಿನಲ್ಲಿ ಬಂತು. ಪರದೇಶದ ಮಾಲು, ಸಣ್ಣ ಡಬ್ಬಿ. ಒಳಗೆ ಒಂದರ ಮೇಲೊಂದು ಒತ್ತಿ ಕೂಡಿಸುವ ಪ್ಲಾಸ್ಟಿಕ್ ಇಟ್ಟಿಗೆಗಳು. ಎಲ್ಲವನ್ನೂ ಕೂಡಿಸಿದರೆ ಒಂದು ಮುರುಕು ಕಮಾನು, ಒಂದು ಬೋಳು ಮರ, ಬಿಳಿ ಗಡ್ಡದ ಒಬ್ಬ ಮಾಂತ್ರಿಕ, ಅವನ ಸೊಂಟಕ್ಕೆ ಬರುವ ಒಬ್ಬ ಕತ್ತಿ ಹಿಡಿದ ಕುಳ್ಳ, ಮತ್ತು ಇವರಿಬ್ಬರನ್ನೂ ಒಂದೇ ತುತ್ತಿಗೆ ನುಂಗಬಲ್ಲ ಒಂದು ಜೇಡ. ಕಾಲು ಚಾಚಿದರೆ ಗೇಣಗಲ. ಇದ್ದಿಲಿನಂಥ ಕಪ್ಪು. ಎಂಟು ಕಾಲಿಗೂ ಮಡಚುವ ಕೀಲು, ಮುಖದಲ್ಲಿ ಎರಡು ಕೆಂಪು ಕಣ್ಣು.

ಡಬ್ಬಿಯ ಮೇಲೆ ನೂರಾ ಹದಿಮೂರು ತುಣುಕು ಎಂದು ಬರೆದಿತ್ತು. ನಾನು ಮೂರು ಸಲ ಎಣಿಸಿದೆ. ಮೂರು ಸಲವೂ ನೂರಾ ಹನ್ನೆರಡು. ಪರದೇಶದವರ ಮೋಸವನ್ನು ಬಯಲಿಗೆಳೆಯುವ ಮೊದಲ ವಾಕ್ಯವನ್ನು ಬರೆದೂ ಆಯಿತು. ಆಗ ನಲಿನಿ ನನ್ನ ಮೊಣಕೈಗೆ ಅಂಟಿದ್ದ ನೂರಾ ಹದಿಮೂರನೆಯದನ್ನು ಕಿತ್ತು ಮುಂದಿಟ್ಟಳು.

"ಅಲ್ರೀ, ನಾಡಿದ್ದ ಶ್ರಾದ್ಧ ಅದ. ಪತ್ರಾವಳಿ ಎಣಸ್ರಿ ಅಂದ್ರ ಜ್ಯಾಡದ ಕಾಲು ಎಣಸ್ಲಿಕತ್ತೀರಲ್ಲ."

ಕಾಲು ಏಳಿದ್ದರೆ ಓದುಗರಿಗೆ ಮೋಸವಾಗುತ್ತದೆ ಎಂದೆ.

"ಓದುಗರು ಊಟಕ್ಕ ಬರೂದಿಲ್ಲ. ಬರಾವ್ರು ಮೂರು ಮಂದಿ ಬ್ರಾಹ್ಮಣರು" ಎಂದು ಅವಳು ಒಳಗೆ ಹೋದಳು.

ಅವ್ವ ಬಾಗಿಲಲ್ಲಿ ನಿಂತು ನೋಡಿದಳು. ಹಿಂದಿನ ದಿನವಷ್ಟೇ ಬಿದಿರ ಗಳ ಹಿಡಿದು ಮನೆಯ ಮೂಲೆಮೂಲೆಯ ಬಲೆ ತೆಗೆಸಿದ್ದಳು. "ಮನೀದು ಹೊಡದು ಹೊರಗ ಹಾಕಿದ್ರ ಇಂವ ಬಸ್ಸಿನ್ಯಾಗ ಜ್ಯಾಡ ತರಿಸ್ಯಾನ" ಎಂದಳು. ಅದರಲ್ಲಿ ನಗೆ ಇರಲಿಲ್ಲ. ಆ ವರ್ಷವಿಡೀ ಅವಳ ಮಾತಿನಲ್ಲಿ ನಗೆ ಇರಲಿಲ್ಲ.

ಅಪ್ಪ ಬ್ಯಾಡಗಿ ಸ್ಟೇಷನ್ನಿನಲ್ಲಿ ಗೂಡ್ಸ್ ಕ್ಲಾರ್ಕ್ ಆಗಿದ್ದ. ಮೂವತ್ತು ವರ್ಷ ಮೆಣಸಿನಕಾಯಿ ಚೀಲಗಳ ಮಧ್ಯೆ ಕುಳಿತು, ದಿನಕ್ಕೆ ನೂರು ಸಲ ಸೀನಿ, ಮನೆಗೆ ಬಂದು ಮತ್ತೆ ಮೆಣಸಿನಕಾಯಿಯನ್ನೇ ಬೇಡುತ್ತಿದ್ದ. ಹಿಂದಿನ ಪುಷ್ಯದಲ್ಲಿ ಹಾವೇರಿಯ ಆಸ್ಪತ್ರೆಯಲ್ಲಿ ತೀರಿಕೊಂಡ. ಹತ್ತನೆಯ ದಿನ ಹೊಳೆಯ ದಂಡೆಗೆ ಹೋದವರು ಗಂಡಸರು ಮಾತ್ರ. ಕಾಗೆ ಮುಟ್ಟಿತೆಂದು ನಾನೇ ಬಂದು ಹೇಳಿದೆ. ಅವ್ವ, ಲಗೂ ಮುಟ್ಟಿತೋ ತಡಾ ಮಾಡಿತೋ ಎಂದು ಕೇಳಿದಳು. ಲಗೂ ಎಂದೆ. ಅವಳು ನನ್ನ ಮುಖವನ್ನೇ ಬಹಳ ಹೊತ್ತು ನೋಡಿದಳು. ನನ್ನ ವರದಿಗಳನ್ನು ನಾಲ್ಕು ಜಿಲ್ಲೆಯ ಜನ ನಂಬುತ್ತಿದ್ದರು, ಅವ್ವನೊಬ್ಬಳನ್ನು ಬಿಟ್ಟು.

ಹೀಗಾಗಿ ವರ್ಷಶ್ರಾದ್ಧಕ್ಕೆ ಅವಳದು ಒಂದೇ ಹಟ. ಕಾಗೆ ಮುಟ್ಟುವುದನ್ನು ತನ್ನ ಕಣ್ಣಿಲೇ ನೋಡಬೇಕು. ಅಪ್ಪ ಸಿಟ್ಟಿನಲ್ಲಿ ಹೋದನೋ ಸಮಾಧಾನದಲ್ಲಿ ಹೋದನೋ ಅವಳಿಗೆ ಖರೇ ಗೊತ್ತಾಗಬೇಕು. ಯಾವುದರ ಸಿಟ್ಟು ಎಂದು ಕೇಳಿದರೆ ಹೇಳುತ್ತಿರಲಿಲ್ಲ.

ನಾನು ವಿಮರ್ಶೆಯಲ್ಲಿ ಮುಳುಗಿದ್ದೆ. ಕಮಾನನ್ನು ಏಳು ಸಲ ಕೂಡಿಸಿ ಏಳು ಸಲ ಬಿಚ್ಚಿದೆ. ಕುಳ್ಳನನ್ನು ಮೇಜಿನಿಂದ ಹನ್ನೆರಡು ಸಲ ಬೀಳಿಸಿದೆ. ಕತ್ತಿ ಬಿಟ್ಟಿತು, ಕುಳ್ಳ ಮುರಿಯಲಿಲ್ಲ. ಉಳಿದದ್ದು ಬಣ್ಣದ ಪರೀಕ್ಷೆ. ಮಕ್ಕಳು ಕೈಗೆ ಸಿಕ್ಕಿದ್ದನ್ನು ಬಾಯಿಗಿಟ್ಟುಕೊಳ್ಳುತ್ತಾರೆ. ಕಪ್ಪು ಬಣ್ಣ ಬಿಟ್ಟರೆ ಗತಿಯೇನು? ಶ್ರಾದ್ಧದ ಮುನ್ನಾದಿನ ಸಂಜೆ ಜೇಡವನ್ನು ಹಳೆಯ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿದೆ. ಬೆಳಿಗ್ಗೆ ನೋಡಿದರೆ ನೀರು ನೀರಿನಂತೆಯೇ ಇತ್ತು. ಕೀಲಿನೊಳಗಿನ ನೀರು ಆರಲೆಂದು ಮಾಳಿಗೆಯ ಮೋಟುಗೋಡೆಯ ಮೇಲೆ, ತುಳಸಿ ಕುಂಡದ ಮಗ್ಗುಲಿಗೆ, ಎಂಟೂ ಕಾಲು ಚಾಚಿಸಿ ಬಿಸಿಲಿಗಿಟ್ಟೆ. ಆಮೇಲೆ ಸ್ನಾನ ಮಾಡಿ ಮಡಿಯ ಧೋತ್ರ ಉಟ್ಟೆ. ಜೇಡ ಮರೆತೇ ಹೋಯಿತು.

ಶ್ರಾದ್ಧ ಸಾಂಗವಾಗಿ ನಡೆಯಿತು. ಅಡಿಗೆಗೆ ಮೆಣಸಿನಕಾಯಿ ನಿಷಿದ್ಧ, ಕರಿಮೆಣಸು ಮಾತ್ರ. ಮೂವತ್ತು ವರ್ಷ ಮೆಣಸಿನಕಾಯಿಯಲ್ಲಿ ಬದುಕಿದ ಮನುಷ್ಯನಿಗೆ ಸತ್ತ ಮೇಲೆ ಒಂದು ಕಾಯಿಯೂ ಇಲ್ಲ. ಅವ್ವ ಸಾರು ಕಲಕುತ್ತ ಎರಡು ಸಲ ಕಣ್ಣೊರೆಸಿಕೊಂಡಳು, ಹೊಗೆ ಎಂದಳು. ಗ್ಯಾಸಿನ ಒಲೆಯಲ್ಲಿ ಹೊಗೆ ಎಲ್ಲಿಂದ ಬರಬೇಕು?

ಬ್ರಾಹ್ಮಣರ ಊಟವಾಯಿತು. ಪುರೋಹಿತರಾದ ಧೀರೇಂದ್ರಾಚಾರ್ಯರು ಬಾಳೆ ಎಲೆಯ ತುಂಡಿನಲ್ಲಿ ಕಾಗೆಯ ಪಿಂಡ ಹಿಡಿದು ಮಾಳಿಗೆ ಹತ್ತಿದರು. ನಾವು ಮೂವರೂ ಹಿಂದೆ ಹೋದೆವು. ಅವರು ತುಳಸಿ ಕುಂಡದ ಈಚೆಗೆ ಎಲೆ ಇಟ್ಟು ನೀರು ಬಿಟ್ಟರು. ವಿದ್ಯುತ್ ತಂತಿಯ ಮೇಲೆ ಹನ್ನೊಂದು ಕಾಗೆ ಕುಳಿತಿದ್ದವು. ಎಣಿಸಿದ್ದೇನೆ.

ಹನ್ನೊಂದರಲ್ಲಿ ಒಂದೂ ಇಳಿಯಲಿಲ್ಲ.

ಐದು ನಿಮಿಷ, ಹತ್ತು ನಿಮಿಷ. ಒಂದು ಕಾಗೆ ಮೋಟುಗೋಡೆಯವರೆಗೆ ಬಂತು, ಕತ್ತು ಓರೆ ಮಾಡಿತು, ಕರ್ಕಶವಾಗಿ ಕೂಗಿ ಹಾರಿತು. ಉಳಿದ ಹತ್ತೂ ಅದರ ಜೊತೆ ಕೂಗಿದವು. ಅವ್ವ ಮೆಟ್ಟಿಲ ತಲೆಯಲ್ಲಿ ಕುಸಿದು ಕುಳಿತಳು.

"ಏನರೆ ಇಚ್ಛಾ ಉಳದಿರಬೇಕು" ಎಂದರು ಆಚಾರ್ಯರು. ಅವರ ಊಟ ಆಗಿತ್ತಾದ್ದರಿಂದ ದನಿಯಲ್ಲಿ ಶಾಂತಿ ಇತ್ತು. ಮನೆಯವರು ಒಬ್ಬೊಬ್ಬರಾಗಿ ಮಾತು ಕೊಡಿ, ಮನಸ್ಸಿಗೆ ಬಂದದ್ದನ್ನು ಹೇಳಿ, ಸರಿಯಾದದ್ದು ಬಂದಾಗ ಕಾಗೆ ಇಳಿಯುತ್ತದೆ ಎಂದರು.

ಮೊದಲ ಸರದಿ ಮಗನದು. ನಾನು ಕೈ ಮುಗಿದು, ಇಂದಿನಿಂದ ಸಿಗರೇಟು ಸೇದುವುದಿಲ್ಲ ಎಂದೆ. ನಲಿನಿ ತಟ್ಟನೆ ನನ್ನ ಕಡೆ ತಿರುಗಿದಳು. ನಾನು ಸೇದುತ್ತಿದ್ದದ್ದು ಅಪ್ಪನಿಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ. ಕಾಗೆ ಬರಲಿಲ್ಲ. ಇಪ್ಪತ್ತು ವರ್ಷ ಮುಚ್ಚಿಟ್ಟದ್ದು ಹೀಗೆ ಹನ್ನೊಂದು ಕಾಗೆಗಳ ಮುಂದೆ ವ್ಯರ್ಥವಾಗಿ ಹೊರಬಿತ್ತು!

ನಲಿನಿ, ಮಾವನವರ ಆರಾಮಕುರ್ಚಿಯನ್ನು ಅಟ್ಟದಿಂದ ಇಳಿಸುತ್ತೇನೆ, ಪಡಸಾಲೆಯಲ್ಲಿ ಜಾಗ ಇಲ್ಲವೆಂದು ಇನ್ನು ಅನ್ನುವುದಿಲ್ಲ ಎಂದಳು. ಕಾಗೆ ಬರಲಿಲ್ಲ. ಆಚಾರ್ಯರು ಒಂದು ತಾಮ್ರದ ಕೊಡದ ದಾನ ಬಾಕಿ ಉಳಿದಿರಬಹುದೆಂದು ಸೂಚಿಸಿದರು. ನಾನು ಅದಕ್ಕೂ ಒಪ್ಪಿದೆ. ಕಾಗೆಗಳು ಕೊಡದ ವಿಚಾರದಲ್ಲೂ ಆಸಕ್ತಿ ತೋರಿಸಲಿಲ್ಲ. ಆಚಾರ್ಯರು ಅದನ್ನು ಇನ್ನೊಮ್ಮೆ, ಗೋತ್ರ ಸಮೇತ, ಗಟ್ಟಿಯಾಗಿ ಹೇಳಲು ಶುರು ಮಾಡಿದರು.

ಪಕ್ಕದ ಮಾಳಿಗೆಯಲ್ಲಿ ದೌಲತಬಿ ರಮಜಾನಿಗೆ ಹೊಸೆದ ಶಾವಿಗೆ ತಿರುವಿ ಹಾಕುತ್ತಿದ್ದಳು. ಬಹಳ ಹೊತ್ತು ಮರ್ಯಾದೆಯಿಂದ ಸುಮ್ಮನಿದ್ದವಳು ಈಗ ಗೋಡೆಯ ಹತ್ತಿರ ಬಂದು ಸಣ್ಣ ದನಿಯಲ್ಲಿ ನನ್ನನ್ನು ಕರೆದಳು.

"ರಘಣ್ಣಾರ, ಕುಂಡದ ಹಿಂದ ಅದೇನ್ರಿ ಕರೀದು? ನಾ ಶಾವಿಗಿ ಹಾಕಿದಾಗ ಹರಕ ಛತ್ರಿಯ ಕರೀ ಅರಿವಿ ಇಡತೇನಿ. ಕಾಗಿ ಸತ್ತು ಬಿದ್ದೈತಿ ಅಂತ ತಿಳದು ಒಂದೂ ಬಾಜೂಕ ಬರೂದಿಲ್ಲ. ನೀವ್ಯಾಕ ಅದನ್ನ ಪಿಂಡದ ಮಗ್ಗಲಕ ಇಟ್ಟೀರಿ?"

ನಮ್ಮ ಕಡೆಯಿಂದ ನೋಡಿದರೆ ಕುಂಡ ಅಡ್ಡವಿತ್ತು. ಬಗ್ಗಿ ನೋಡಿದೆ. ಎಂಟು ಕಾಲು ಚಾಚಿ, ಕೆಂಪು ಕಣ್ಣು ಬಿಟ್ಟುಕೊಂಡು, ಜೇಡ ಬಿಸಿಲು ಕಾಯಿಸುತ್ತಿತ್ತು. ಪಿಂಡಕ್ಕೂ ಅದಕ್ಕೂ ಒಂದೂವರೆ ಮೊಳ. ಕಾಗೆಗಳು ಇಳಿಯದಿದ್ದದ್ದೇ ಜಾಣತನ. ನಾನೇ ಕಾಗೆಯಾಗಿದ್ದರೆ ದಾವಣಗೆರೆಯವರೆಗೆ ಹಾರುತ್ತಿದ್ದೆ!

ಕೈ ಚಾಚಿದೆ. ಚಾಚಿದ ಕೈ ಅಲ್ಲೇ ನಿಂತಿತು. ಈಗ ಜೇಡ ತೆಗೆದರೆ ಕಾಗೆ ಈಗಲೇ ಇಳಿಯುತ್ತದೆ, ಮತ್ತು ಈಗ ನಡೆಯುತ್ತಿರುವುದು ತಾಮ್ರದ ಕೊಡದ ಸಂಕಲ್ಪ. ಸಂಸಾರ ಮಾಡಿದ ಐವತ್ತು ವರ್ಷದ ಕೊನೆಗೆ ಗಂಡನ ಮನಸ್ಸಿನಲ್ಲಿ ಉಳಿದಿದ್ದದ್ದು ಆಚಾರ್ಯರ ಮನೆಗೆ ಹೋಗಬೇಕಾದ ಒಂದು ಕೊಡ ಎಂದು ಅವ್ವ ಸಾಯುವವರೆಗೆ ನಂಬಬೇಕಾಗುತ್ತದೆ. ವರದಿಗಾರ ನಡೆದದ್ದನ್ನು ನೋಡಬೇಕು, ತಾನು ನಡೆಸಬಾರದು ಎಂದು ಹೊಸ ಹುಡುಗರಿಗೆ ಕಲಿಸಿದವನು ನಾನು. ಆ ದಿನ ಕುಂಡದ ಪಕ್ಕ ಕೈ ಮುಗಿದು ನಿಂತು, ಅವ್ವ ಬಾಯಿ ಬಿಡಲೆಂದು ಕಾದೆ.

ಆಚಾರ್ಯರು ಮುಗಿಸಿದರು. ತಂತಿಯ ಮೇಲೆ ಹನ್ನೊಂದೂ ಹಾಗೆಯೇ ಇದ್ದವು. ಅವ್ವ ಎದ್ದು ಬಂದು ಎಲೆಯ ಮುಂದೆ ನಿಂತಳು. ನಮ್ಮ ಯಾರನ್ನೂ ನೋಡಲಿಲ್ಲ.

"ಅವತ್ತು ನೀವು ಮಿರ್ಚಿ ಭಜಿ ಬೇಡಿದ್ರಿ" ಎಂದಳು, ಕಾಗೆಗಳ ಕಡೆ. "ಡಾಕ್ಟರು ಬ್ಯಾಡ ಅಂದಿದ್ರು. ನಾಳೆ ಮಾಡಿ ತರ್ತೀನಿ ಅಂದೆ. ನೀವು ಗ್ವಾಡೀ ಕಡೆ ಮಾರಿ ಮಾಡಿದ್ರಿ. ನಾ ಮರುದಿವಸ ಭಜಿ ಕರದು ತಂದಿದ್ದೆ, ಡಬ್ಬಿ ಇನ್ನೂ ಬಿಸಿ ಇತ್ತು. ನೀವ ಇರಲಿಲ್ಲ. ನಂದು ತಪ್ಪಾತು. ಸಿಟ್ಟು ಬಿಡ್ರಿ ಇನ್ನ."

ಒಂದು ವರ್ಷ ಈ ಮಾತು ಅವಳ ಹೊಟ್ಟೆಯಲ್ಲಿತ್ತು. ನಾವು ಅದೇ ಮನೆಯಲ್ಲಿ ಉಂಡು ಮಲಗಿದ್ದೆವು.

ನಾನು ತುಳಸಿಗೆ ನಮಸ್ಕಾರ ಮಾಡುವವನಂತೆ ಬಗ್ಗಿ ಜೇಡವನ್ನು ಎತ್ತಿದೆ. ಆಗ ಹೊಳೆಯಿತು: ಮಡಿಯ ಧೋತ್ರಕ್ಕೆ ಕಿಸೆ ಇರುವುದಿಲ್ಲ! ಮೈಮೇಲೆ ಅಂಗಿ ಇಲ್ಲ, ಭುಜದ ಮೇಲೆ ಗೇಣಗಲದ ಉತ್ತರೀಯ. ಬೇರೆ ದಾರಿ ಕಾಣದೆ ಟೊಂಕದ ಸುತ್ತಿನೊಳಗೆ ತುರುಕಿ, ಮೇಲೆ ಕೈ ಕಟ್ಟಿ, ಗೋಡೆಯಿಂದ ದೂರ ಸರಿದು ನಿಂತೆ. ಎಂಟು ಕಾಲು ಎಂಟು ಕಡೆ ಹೊಟ್ಟೆಗೆ ಚುಚ್ಚಿದವು. ಒಂದು, ಎರಡು, ಮೂರು ಎಂದು ಎಣಿಸತೊಡಗಿದೆ. ನಲವತ್ತೊಂದಕ್ಕೆ ಮೊದಲ ಕಾಗೆ ಇಳಿಯಿತು. ಅರವತ್ತರೊಳಗೆ ಹನ್ನೊಂದೂ ಇಳಿದವು. ಅವ್ವ ಎಲೆ ಬರಿದಾಗುವವರೆಗೆ ಕಣ್ಣು ಮಿಟುಕಿಸದೆ ನೋಡಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಎಲ್ಲರೂ ಊಟಕ್ಕೆ ಬರ್ರಿ ಎಂದಳು.

ಅವಳು ಅಂದು ಎರಡು ಸಲ ಅನ್ನ ಹಾಕಿಸಿಕೊಂಡಳು. ಊಟದ ಮೇಲೆ ನಲಿನಿ ನನ್ನ ಹೊಟ್ಟೆಯ ಗಾಯಗಳಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಅವು ಹೇಗಾದವೆಂದು ಕೇಳಲಿಲ್ಲ. "ಸಿಗರೇಟಿನ ಮಾತು ಸಂಜೀಕ ಮಾತಾಡೂಣು" ಎಂದಷ್ಟೇ ಹೇಳಿದಳು.

ನಾನು ವಿಮರ್ಶೆ ಬರೆಯಲು ಕುಳಿತೆ. ಮಾಂತ್ರಿಕನ ಗಡ್ಡ ಕಳಚುತ್ತದೆ, ಕಳಚಿದರೆ ಅವನು ತಾಲೂಕು ಕಚೇರಿಯ ಗುಮಾಸ್ತನಂತೆ ಕಾಣುತ್ತಾನೆ. ಕುಳ್ಳನ ಕತ್ತಿ ಕೈಯಲ್ಲಿ ನಿಲ್ಲುವುದಿಲ್ಲ. ಜೇಡ ಮಾತ್ರ ಅದ್ಭುತ: ಬಣ್ಣ ಬಿಡುವುದಿಲ್ಲ, ಕೀಲು ಸಡಿಲಾಗುವುದಿಲ್ಲ, ಎಂಥ ಒತ್ತಡದಲ್ಲೂ ಕಾಲು ಮುರಿಯುವುದಿಲ್ಲ. ಪರೀಕ್ಷೆಯ ವಿಧಾನವನ್ನು ಬರೆಯಲಿಲ್ಲ.

ಅವ್ವ ಬಂದು ಎದುರಿಗೆ ಕುಳಿತಳು. ಜೇಡವನ್ನು ಕೈಗೆತ್ತಿಕೊಂಡು ಹೊರಳಿಸಿ ನೋಡಿದಳು.

"ಕುಂಡದ ಹಿಂದ ಇದ್ದದ್ದು ಇದ ಹೌದಲ್ಲೊ?"

ಹತ್ತನೆಯ ದಿನದ ವರದಿಯನ್ನೇ ನಂಬದವಳಿಗೆ ಸುಳ್ಳು ಹೇಳುವ ಧೈರ್ಯ ನನಗಿರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಒಪ್ಪಿಸಿದೆ: ಬಕೆಟ್ಟು, ಬಿಸಿಲು, ದೌಲತಬಿ, ಟೊಂಕ. ಕಾಗೆ ಬಾರದಿದ್ದದ್ದು ಜೇಡದಿಂದ, ಬಂದದ್ದು ಜೇಡ ತೆಗೆದದ್ದರಿಂದ, ಅಪ್ಪನ ಸಿಟ್ಟಿಗೂ ಸಮಾಧಾನಕ್ಕೂ ಇದರಲ್ಲಿ ಸಾಕ್ಷಿ ಇಲ್ಲ ಎಂದೂ ಹೇಳಿದೆ. ಒಂದು ವರ್ಷದ ಮೇಲೆ ಹೊಟ್ಟೆ ತುಂಬ ಉಂಡವಳ ನೆಮ್ಮದಿಯನ್ನು ನನ್ನ ಕೈಯಾರೆ ಕಿತ್ತುಕೊಳ್ಳುತ್ತಿದ್ದೆ.

"ದೌಲತಬಿ ಅಂದದ್ದು ನನಗೂ ಕೇಳಿಸ್ತು" ಎಂದಳು ಅವ್ವ. "ಕೇಳಿಸಿದ್ರೇನಾತು, ನಾ ಹೇಳೂದು ನಾ ಹೇಳಬೇಕಿತ್ತು."

ಅವ್ವ ಜೇಡದ ಒಂದು ಕಾಲು ಮಡಚಿದಳು.

"ಗೊತ್ತಾದ ಕೂಡಲೇ ಯಾಕ ತಗೀಲಿಲ್ಲ ನೀ?"

ನಿನ್ನ ಮಾತು ಮುಗಿಯಲೆಂದು ಕಾದೆ ಎಂದೆ.

ಅವ್ವ ಜೇಡವನ್ನು ನನ್ನ ಬರಹದ ಮೇಲಿಟ್ಟು ಎದ್ದಳು. ಮುಖದಲ್ಲಿ ಒಂದು ವರ್ಷದಿಂದ ಕಾಣದ ನಗೆ ಇತ್ತು.

"ನಲವತ್ತಾರು ವರ್ಷ ಆತು ನಿನ್ನ ನೋಡ್ಲಿಕತ್ತು. ಇನ್ನೊಬ್ಬರ ಮನಸು ತಿಳದು ಒಂದು ಗಳಿಗಿ ಸುಮ್ಮನ ನಿಂತಾಂವ ಅಲ್ಲ ನೀನು. ನಿಮ್ಮಪ್ಪಾರ ನಿನ್ನ ಕೈ ಹಿಡದು ನಿಂದರಿಸ್ಯಾರ. ಇಷ್ಟು ಶಾಣ್ಯಾತನ ನಿನಗ ಸ್ವಂತದ್ದು ಎಲ್ಲಿಂದ ಬರಬೇಕು?"